ಕರಿಮಚ್ಚೆ

ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಗೆ ಬೆನ್ನು ಕೊಟ್ಟು
ಬಿದ್ದಿತ್ತು ಆ ಬ್ಲಾಕು,
ಹದಿನಾಲ್ಕು ಟನ್ನಿನ ಗುಲಾಬಿ ಕಲ್ಲು,
ಮೈಮೇಲೆ ಸುಣ್ಣದಲ್ಲಿ ಎಳೆದ ಕಾಟು.
ಕೊಳ್ಳಲು ಬಂದವರು ಕೊಡ ನೀರು ಸುರುವಿ ನೋಡಿದರು,
ನಟ್ಟನಡುವೆ ಅಂಗೈಯಗಲ ಕಪ್ಪು ಕಂಡು
ಮುಂದಿನ ಕಲ್ಲಿಗೆ ನಡೆದರು.

‘ಮಚ್ಚಿ ಐತ್ರಿ ಮೇಡಂ, ಒಲ್ಲೆ ಅಂದ್ರು,’
ಅಂದ ದಾವಲಸಾಬ, ನನ್ನ ಕೈಯ ಪುಟ್ಟ ಸುತ್ತಿಗೆಗೆ ನಕ್ಕು.
‘ನಿಮಗ ಬೇಕಂದ್ರ ಒಯ್ರಿ. ರೊಕ್ಕ ಬ್ಯಾಡ.’

ತೆಳು ಮಾಡಿಕೊಟ್ಟವನೂ ಅವನೇ.
ಮೂವತ್ತು ವರ್ಷ ಪಾಲಿಶ್ ಹೊಡೆದ ಕೈ
ಗಾಜಿಗೆ ಅಂಟಿಸಿದ ಚೂರನ್ನು
ಕಾರ್ಬೊರಂಡಮ್ ಪುಡಿಯಲ್ಲಿ ಎಂಟರಂಕಿ ಬರೆದೂ ಬರೆದೂ
ಕೂದಲೆಳೆಯ ಅರ್ಧಕ್ಕೆ ಇಳಿಸಿತು,
ಬೆಳಕು ಸುಂಕ ಕೊಡದೆ ದಾಟುವಷ್ಟು.

ಬಾಗಲಕೋಟೆಯ ಕಾಲೇಜು. ಮಧ್ಯಾಹ್ನ ಕರೆಂಟು ಬಂದ ಮೇಲೆ
ಸೂಕ್ಷ್ಮದರ್ಶಕದ ತಟ್ಟೆ ತಿರುಗಿಸಿದೆ.
ಎಲ್ಲಿತ್ತು ಕಪ್ಪು?
ಈ ಕಡೆಗೆ ಬಲಿತ ಜೋಳದ ಎಲೆಯ ಹಳದಿಹಸಿರು,
ಕಾಲು ಸುತ್ತು ಹೊರಳಿಸಿದರೆ ನೀಲಿಗೆ ಜಾರುವ ದಟ್ಟ ಹಸಿರು,
ಮೈತುಂಬ ಎರಡು ಬಿರುಕುಸಾಲು
ನೂರಿಪ್ಪತ್ನಾಲ್ಕು ಡಿಗ್ರಿಯಲ್ಲಿ ಒಂದನ್ನೊಂದು ಹಾಯ್ದು.
ಆಂಫಿಬೋಲ್. ಒಂದು ಪಾಠಕ್ಕೆ ಅಷ್ಟು ಸಾಕಿತ್ತು.
ನನಗೆ ಸಾಕಾಗಲಿಲ್ಲ.

ಅದರ ಒಳಮನೆಯನ್ನು ಹಲಗೆಯ ಮೇಲೆ ನೂರು ಸಲ ಬರೆದಿದ್ದೇನೆ:
ನಾಲ್ಕು ಆಮ್ಲಜನಕದ ನಡುವೆ ಒಂದು ಸಿಲಿಕಾನ್,
ಅಂಥವು ಕೈ ಹಿಡಿದು ನಿಂತರೆ ಸರಪಳಿ,
ಅದರ ಎದುರಿಗೆ ಇನ್ನೊಂದು, ನಡುನಡುವೆ ಕೊಂಡಿ.
ದಾವಲಸಾಬನ ತಾಯಿ ಮಗ್ಗದ ಮುಂದೆ ಕುಕ್ಕರಗಾಲಲ್ಲಿ ಕೂತು
ಒಡಲಿನ ಹಾಸಿಗೂ ಸೆರಗಿನ ಹಾಸಿಗೂ
ಕುಣಿಕೆಯೊಳಗೆ ಕುಣಿಕೆ ತೂರಿಸುತ್ತಿದ್ದಳಂತೆ, ಹಾಗೆ.
ಕೊಂಡಿ ಬಿದ್ದಲ್ಲೆಲ್ಲ ಆರು ಮೂಲೆಯ ಕಿಂಡಿ,
ಕಿಂಡಿಯ ತಳದಲ್ಲಿ ಒಂದು ಪೀಠ.
ಅಲ್ಲಿ ಕೂರುವುದು ಸಾಮಾನ್ಯವಾಗಿ ನೀರಿನ ತುಣುಕು,
ಒಂದು ಆಮ್ಲಜನಕ, ಅದರ ಮಡಿಲಲ್ಲಿ ಒಂದು ಜಲಜನಕ.

ಎಂಟು ತಿಂಗಳ ಮೇಲೆ ಬಂತು ವರದಿ, ಒಂದು ಪುಟ ಅಂಕಿ.
ಕೊನೆಯ ಸಾಲಿಗೆ ಬೆರಳಿಟ್ಟು ನಿಂತೆ:
ಕ್ಲೋರಿನ್, ನೂರಕ್ಕೆ ನಾಲ್ಕು.
ನೀರಿನ ಪೀಠದಲ್ಲಿ ಉಪ್ಪು!

ಮೈದೊಡ್ಡ ಅತಿಥಿ ಅದು. ತುಸು ಸರಿಯಿರಿ ಎಂದರೆ ಆಗದು,
ಇಡೀ ಮನೆಯೇ ಅಗಲವಾಗಬೇಕು.
ಮೆಗ್ನೀಷಿಯಂ ಎದ್ದಿತು, ಹೆಗಲು ಹಿರಿದಾದ ಕಬ್ಬಿಣ ಕೂತಿತು.
ಎಂಟು ಸಿಲಿಕಾನಿನಲ್ಲಿ ಎರಡು
ಅಲ್ಯೂಮಿನಿಯಂಗೆ ಜಾಗ ಬಿಟ್ಟವು,
ಬಿಟ್ಟಲ್ಲೆಲ್ಲ ಒಂದೊಂದು ಧನ ಕಡಿಮೆ ಬಿತ್ತು.
ಒಂದನ್ನು ಕಬ್ಬಿಣವೇ ಕಟ್ಟಿಕೊಟ್ಟಿತು
ತನ್ನಲ್ಲಿದ್ದ ಇನ್ನೊಂದು ಎಲೆಕ್ಟ್ರಾನ್ ಕಳಚಿ.
ಉಳಿದ ಒಂದಕ್ಕೆ
ಎಷ್ಟೋ ಮನೆಗಳಲ್ಲಿ ಖಾಲಿ ಬಿದ್ದಿರುವ ಪಡಸಾಲೆಗೆ
ಪೊಟ್ಯಾಸಿಯಂ ಬಂದು ಚಾಪೆ ಹಾಸಿತು.
ಧನ, ಋಣ. ಕೂಡಿಸಿದೆ, ಕಳೆದೆ. ಸೊನ್ನೆ.
ರಾತ್ರಿ ಮತ್ತೆ ಎದ್ದು ಕೂಡಿಸಿದೆ. ಸೊನ್ನೆಯೇ.

ಎಲ್ಲಿಂದ ಬಂತು ಈ ಉಪ್ಪು, ಯಾವ ಕಡಲಿನದು?
ಮಲಪ್ರಭೆಗೆ ಹೆಸರಿಲ್ಲದಾಗ, ದಂಡೆಯೂ ಇಲ್ಲದಾಗ
ಕಾದ ಕಲ್ಲಿನ ಬಿರುಕಲ್ಲಿ ಯಾವುದೋ ಉಪ್ಪುನೀರು ಹರಿದಿರಬೇಕು.
ನೀರು ಹೋಯಿತು. ಇರಬೇಕು, ಅಂದೆನಲ್ಲ,
ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಮುಂದಿನ ಭಾನುವಾರ ಸುದ್ದಿ ಹೇಳಲು ಹೋದೆ.
‘ಕಲ್ಲಿನ್ಯಾಗ ಉಪ್ಪು?’
ದಾವಲಸಾಬ ಬೆರಳು ಒದ್ದೆ ಮಾಡಿ
ಮಚ್ಚೆಗೆ ಒತ್ತಿ ನಾಲಗೆಗೆ ಇಟ್ಟ,
ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತ.
‘ಸಪ್ಪಗೈತ್ರಿ.’
ಬಿಟ್ಟುಕೊಡುವುದಿಲ್ಲ, ಒಳಗೆ ಬಿಗಿದು ಹಿಡಿದಿದೆ ಎಂದೆ.
‘ಹಂಗನ್ರಿ ಮತ್ತ,’ ಅಂದ,
‘ಉಪ್ಪುಂಡ ಮ್ಯಾಲ ಬಾಯಿ ಬಿಡೂದಿಲ್ಲ ಅದು.’

ಬ್ಲಾಕನ್ನು ಆಮೇಲೆ ಸೀಳಿ ಗಟಾರದ ಅಂಚಿಗೆ ಮಾರಿದರು.
ಮಚ್ಚೆಯಿದ್ದ ತುಂಡು ಮಾತ್ರ ಅವನ ಹಿತ್ತಲಲ್ಲಿದೆ,
ಅರಿವೆ ಒಗೆಯಲು.
ಮೊನ್ನೆ ಹೋದಾಗ ಸೊಸೆ ಸಾಬೂನು ನೊರೆ ತೊಳೆದು ಸರಿದಳು;
ಒದ್ದೆ ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬಿತ್ತು,
ಒಂದು ಗಳಿಗೆ, ಹಸಿರು.